ಬೆಟ್ಟಮ್ಮನ ಹದಿನಾಲ್ಕು ಅಕ್ಷರ

ಹಳ್ಳಿಮೈಸೂರಿನ ಲೈನ್‌ಮನ್ ಚೆನ್ನಯ್ಯನ ಹೆಂಡತಿ ಬೆಟ್ಟಮ್ಮ ತನ್ನ ಒಬ್ಬಳೇ ಮಗಳನ್ನು ಸ್ಕೂಲು ಬಿಡಿಸಿ ಮನೆಯಲ್ಲಿಟ್ಟುಕೊಂಡಿದ್ದಾಳೆ ಎಂಬ ಸುದ್ದಿ ೧೯೯೭ರ ಜುಲೈನಲ್ಲಿ ಊರೆಲ್ಲ ಓಡಾಡಿತು. ಹಿಟ್ಟಿನ ಮಿಲ್ಲಿನ ಮುಂದೆ ಸಾಲು ನಿಂತವರ ಬಾಯಲ್ಲೂ ಅದೇ ಮಾತು. ಮಗುವಿಗೆ ಏನೋ ದೊಡ್ಡ ಕಾಯಿಲೆ ಇರಬೇಕೆಂದು ಕೆಲವರು, ಮೇಷ್ಟರ ಜೊತೆ ಜಗಳ ಆಗಿರಬೇಕೆಂದು ಕೆಲವರು. ಎರಡೂ ಅಲ್ಲ. ಮಗಳು ಕವನಳಿಗೆ ಓದಲು ಬರುತ್ತಿರಲಿಲ್ಲ, ಅಷ್ಟೆ.

ಒಂಬತ್ತು ವರ್ಷದ ಹುಡುಗಿ. ಮೂರನೇ ಕ್ಲಾಸಿನಲ್ಲಿ ಅದು ಎರಡನೇ ವರ್ಷ. ಬಾಯಿಲೆಕ್ಕ ಕೇಳಿದರೆ ಪಟಪಟ ಹೇಳುವಳು, ಒಂದು ಸಲ ಕೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಒಪ್ಪಿಸುವಳು. ಪುಸ್ತಕ ತೆರೆದರೆ ಮಾತ್ರ ಮುಗಿಯಿತು. ‘ಮರ’ ಎಂದು ಬರೆದಿದ್ದನ್ನು ಒಂದು ದಿನ ‘ವರ’ ಎನ್ನುವಳು, ಇನ್ನೊಂದು ದಿನ ‘ಪರ’ ಎನ್ನುವಳು, ಮೂರನೆಯ ದಿನ ಬಾಯೇ ಬಿಡದೆ ನಿಂತುಬಿಡುವಳು. ಎಪ್ಪತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡ ಮೇಷ್ಟರಿಗೆ ಅವಳು ಬಾಯಿ ತೆರೆಯುವವರೆಗೆ ಕಾಯಲು ಪುರುಸೊತ್ತಿರಲಿಲ್ಲ. “ಹೆಸರು ನೋಡಿದ್ರೆ ಕವನ, ಓದು ನೋಡಿದ್ರೆ ಸೊನ್ನೆ” ಎಂದು ಒಂದು ಸಲ ನಕ್ಕರು. ಮಕ್ಕಳು ಅದನ್ನೇ ಹಾಡು ಮಾಡಿಕೊಂಡರು. ಆಮೇಲೆ ದಿನಾ ಬೆಳಿಗ್ಗೆ ಸ್ಕೂಲಿನ ಗಂಟೆ ಹೊಡೆಯುವ ಹೊತ್ತಿಗೆ ಕವನಳಿಗೆ ವಾಂತಿಯಾಗತೊಡಗಿತು. ಭಾನುವಾರ ಮಾತ್ರ ಆಗುತ್ತಿರಲಿಲ್ಲ.

ಬೆಟ್ಟಮ್ಮ ಮೂರು ಭಾನುವಾರ ಗಮನಿಸಿದಳು. ಆಮೇಲಿನ ಸೋಮವಾರ ಮಗಳ ಕೈ ಹಿಡಿದು ಹೆಡ್‌ಮೇಷ್ಟರು ಪರಮಶಿವಯ್ಯನವರ ಮುಂದೆ ಹೋಗಿ ನಿಂತಳು.

“ಸಾ, ಇವ್ಳನ್ನ ನಾನು ಮನೇಲೇ ಓದುಸ್ತೀನಿ.”

ಪರಮಶಿವಯ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೀವೆಷ್ಟು ಓದಿದ್ದೀರಮ್ಮ?”

“ಎಸ್ಸೆಲ್ಸಿ ಸಾ. ಮ್ಯಾತ್ಸಲ್ಲಿ ಓಯ್ತು. ಅದ್ಕೇ, ತಲೆಗೆ ಅತ್ತದೇ ಇರೋರ ಕಷ್ಟ ಏನು ಅಂತ ನಂಗೊತ್ತು.”

ಅವರು ಬೈಯಲಿಲ್ಲ. ರಜೆ ಅರ್ಜಿ ಬರೆಸಿಕೊಂಡರು. “ಬೇಸಿಗೆ ರಜಕ್ಕೆ ಮುಂಚೆ ನಾನೇ ನಿಮ್ಮನೆಗೆ ಬರ್ತೀನಿ. ಅಷ್ಟರಲ್ಲಿ ನಾಲ್ಕು ಸಾಲು ಓದಿದರೆ ಸರಿ. ಇಲ್ಲದಿದ್ದರೆ ಮಗು ವಾಪಸ್ ಬರಬೇಕು” ಎಂದರು. ಬೆಟ್ಟಮ್ಮ ತಲೆಯಾಡಿಸಿದಳು.

ಮನೆಯಲ್ಲಿ ಚೆನ್ನಯ್ಯ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ಜಗಲಿಯ ಮೇಲೆ ಕುಕ್ಕಿದ.

“ನಮ್ಮಪ್ಪ ಕಂಡೋರ ಒಲ ಉತ್ತು ನನ್ನ ಸ್ಕೂಲಿಗೆ ಕಳುಸ್ದ. ಆ ಸ್ಕೂಲಿಂದ್ಲೇ ಕಣಮ್ಮಿ ನಾನಿವತ್ತು ಕಂಬ ಅತ್ತಿ ಸಂಬ್ಳ ತಗೊಳೋದು. ನಮ್ಮ ಕೇರೀಲಿ ಮಗೀನ ಸ್ಕೂಲು ಬುಡುಸೋದು ಅಂದ್ರೆ ಏನು ಅಂತ ಗೊತ್ತಾ ನಿಂಗೆ?”

“ಗೊತ್ತು. ಸ್ಕೂಲು ಬುಡುಸ್ತಾ ಇವ್ನಿ. ಓದು ಬುಡುಸ್ತಾ ಇಲ್ಲ.”

ಚೆನ್ನಯ್ಯ ಹದಿನೈದು ದಿನ ಹೆಂಡತಿಯ ಜೊತೆ ನೇರ ಮಾತಾಡಲಿಲ್ಲ. “ಕವನ, ನಿಮ್ಮವ್ವಂಗೇಳು, ಇನ್ನೊಂದು ಅರ್ಧ ಮುದ್ದೆ ಆಕ್ಲಿ.” ಬೆಟ್ಟಮ್ಮ ಮುದ್ದೆ ಹಾಕುವಳು. “ಕವನ, ನಿಮ್ಮಪ್ಪಂಗೇಳು, ಸಾರು ಬಿಸಿ ಐತೆ.” ನಡುವೆ ಕೂತ ಮಗುವಿಗೆ ಇದೊಂದು ಆಟದ ಹಾಗಿತ್ತು.

ಬೆಟ್ಟಮ್ಮ ಅರಕಲಗೂಡಿನ ಕಡೆಯವಳು. ಅಪ್ಪ ಅಮ್ಮ ಇಬ್ಬರೂ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಕೂಲಿ ಮಾಡಿದವರು. ಎಲೆ ಕಟ್ಟುತ್ತಾ, ಬ್ಯಾರನ್ನಿನ ಗೋಡೆಗೆ ಒರಗಿಕೊಂಡೇ ಹೈಸ್ಕೂಲಿನ ಪಾಠ ಓದಿಕೊಂಡಿದ್ದಳು. ಗಟ್ಟಿ ಹೆಂಗಸು, ಜೋರಾಗಿ ನಗುವಳು, ಜೋರಾಗಿಯೇ ಅಳುವಳು. ಮಗಳಿಗೆ ಪಾಠ ಹೇಳಿಕೊಡುವುದು ಹೊಗೆಸೊಪ್ಪಿನ ಎಲೆ ಕಟ್ಟುವ ಹಾಗೆ, ಕೂತರೆ ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಸ್ಲೇಟಿನಲ್ಲಿ ಬರೆಸಿದಳು, ಮರಳಿನಲ್ಲಿ ಬರೆಸಿದಳು, ಹುಣಿಸೆ ಬೀಜ ಜೋಡಿಸಿದಳು. ಆರು ತಿಂಗಳಾದರೂ ‘ಮ’ ‘ವ’ ‘ಪ’ ಮೂರೂ ಮಗಳ ಕಣ್ಣಲ್ಲಿ ಒಂದೇ. ಡಿಸೆಂಬರಿನ ಒಂದು ಮಧ್ಯಾಹ್ನ ತಾಳ್ಮೆ ಕೆಟ್ಟು ಸ್ಲೇಟನ್ನು ಅಂಗಳಕ್ಕೆ ಎಸೆದುಬಿಟ್ಟಳು. ಸ್ಲೇಟು ಎರಡು ಹೋಳಾಯಿತು. ಕವನ ಅಳಲಿಲ್ಲ. ಹೋಗಿ ಎರಡು ಹೋಳನ್ನೂ ಎತ್ತಿಕೊಂಡು ಬಂದು ಅವ್ವನ ಕೈಗೆ ಕೊಟ್ಟಳು. ಆವತ್ತು ಬೆಟ್ಟಮ್ಮ ಹಿತ್ತಲ ಒಲೆಯ ಮುಂದೆ ಕೂತು, ನಾನು ಆ ಮೇಷ್ಟರಿಗಿಂತ ಕಡೆಯಾಗಿಬಿಟ್ಟೆ ಎಂದು ಅತ್ತಳು.

ಆ ಹಿತ್ತಲಲ್ಲಿ ಅವಳ ನಾಟಿ ಕೋಳಿಗಳಿದ್ದವು. ಜನವರಿ ಕೊನೆಯಲ್ಲಿ ಕಂದು ಹೇಂಟೆಯೊಂದನ್ನು ಹದಿನಾಲ್ಕು ಮೊಟ್ಟೆಯ ಮೇಲೆ ಕಾವಿಗೆ ಕೂರಿಸಿದ್ದಳು. ಐದನೆಯ ದಿನ ಹೇಂಟೆ ಕಾಳು ತಿನ್ನಲು ಇಳಿದದ್ದೇ, ಬೇಲಿಯ ಸಂದಿಯಿಂದ ಬಂದ ಮುಂಗುಸಿ ಅದರ ಕುತ್ತಿಗೆ ಹಿಡಿಯಿತು. ತಾಯಿ ಮಗಳು ಕೂಗಿಕೊಂಡು ಓಡಿದರು, ಹೇಂಟೆ ಉಳಿಯಲಿಲ್ಲ. ಕವನ ಮೊಟ್ಟೆಯಿದ್ದ ಪುಟ್ಟಿಗೆ ಕೈ ಹಾಕಿ ನೋಡಿದಳು.

“ಅವ್ವಾ, ಇನ್ನೂ ಬೆಚ್ಚಗವೆ! ಒಳಗೆ ಜೀವ ಐತೆ ಅವ್ವಾ!”

ಬೇರೆ ಹೇಂಟೆ ಯಾವುದೂ ಕಾವಿಗೆ ಬಂದಿರಲಿಲ್ಲ. ಬೆಟ್ಟಮ್ಮ ಸೆರಗಿನಲ್ಲಿ ಮೊಟ್ಟೆಗಳನ್ನು ಕಟ್ಟಿಕೊಂಡು, ಊಟಕ್ಕೆ ಬಂದಿದ್ದ ಗಂಡನ ಮುಂದೆ ನಿಂತಳು. ಕವನ ಅವಳ ಹಿಂದೆ. ಚೆನ್ನಯ್ಯ ಇಬ್ಬರ ಮುಖ ನೋಡಿದ. ಎದ್ದು ಹೋಗಿ, ಕರೆಂಟಾಫೀಸಿಗೆ ಮೀಟರುಗಳು ಬಂದಿದ್ದ ಥರ್ಮಾಕೋಲಿನ ಖಾಲಿ ಡಬ್ಬ ತಂದ. ಮುಚ್ಚಳಕ್ಕೆ ತೂತು ಹೊಡೆದು ನಲವತ್ತು ಕ್ಯಾಂಡಲ್ ಬಲ್ಬು ಇಳಿಬಿಟ್ಟ. ತಳಕ್ಕೆ ಹುಲ್ಲು, ಮೂಲೆಯಲ್ಲಿ ಒಂದು ಬಟ್ಟಲು ನೀರು. ಶಾಖ ನೋಡಲು ಜ್ವರದ ಥರ್ಮಾಮೀಟರು. ನೂರರ ಗೆರೆ ದಾಟಿದರೆ ಮುಚ್ಚಳ ಒಂದು ಬೆರಳು ತೆರೆಯಬೇಕು, ಇಳಿದರೆ ಮುಚ್ಚಬೇಕು. ಆ ಥರ್ಮಾಮೀಟರನ್ನು ಪ್ರತಿ ಸಲವೂ ಒದರಿ ಒದರಿ ಬೆಟ್ಟಮ್ಮನ ಮಣಿಕಟ್ಟು ನೋವಾಯಿತು.

ಹೇಂಟೆ ಕಾವಿಗೆ ಕೂತರೆ ಮೊಟ್ಟೆಗಳನ್ನು ತಾನೇ ಕೊಕ್ಕಿನಿಂದ ಹೊರಳಿಸುತ್ತದೆ. ಇಲ್ಲಿ ಆ ಕೆಲಸ ಕವನಳದು. ದಿನಕ್ಕೆ ಮೂರು ಸಲ. ಯಾವುದನ್ನು ಹೊರಳಿಸಿ ಆಯಿತು, ಯಾವುದು ಉಳಿಯಿತು ಎಂದು ಗೊತ್ತಾಗಲು ಗುರುತು ಬೇಕಲ್ಲ. ಬೆಟ್ಟಮ್ಮ ಸೀಸದಕಡ್ಡಿ ತೆಗೆದುಕೊಂಡು ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದಳು. ಅ, ಕ, ಗ, ತ, ದ, ನ, ಪ, ಬ, ಮ, ಯ, ರ, ಲ, ವ, ಸ. ಪಾಠ ಹೇಳುವ ಯೋಚನೆಯೇ ಅವಳಿಗಿರಲಿಲ್ಲ. ಕೈಗೆ ಬಂದ ಗುರುತು ಹಾಕಿದಳು, ಅಷ್ಟೆ.

ಮೂರನೆಯ ದಿನ ಬೆಳಿಗ್ಗೆ ಕವನ ಕೂಗಿದಳು. “ಅವ್ವ, ಇದ್ರ ಮೇಲೆ ನೀನು ‘ವ’ ಬರ್ದಿದ್ದೆ. ಈಗ ಬೇರೆ ಏನೋ ಆಗೋಗೈತೆ.”

ಬೆಟ್ಟಮ್ಮ ಬಗ್ಗಿ ನೋಡಿದಳು. ಮೊಟ್ಟೆ ತಲೆಕೆಳಗಾಗಿತ್ತು. ಎತ್ತಿ ಸರಿಯಾಗಿ ತಿರುಗಿಸಿ ಹಿಡಿದಳು. “ಈಗ?”

“ಈಗ ವ.”

“ಮುಂಚೆ?”

“ಮುಂಚೆ ಅದು ಬೇರೆ ಥರ ಇತ್ತು. ಪುಸ್ತಕದಲ್ಲೂ ಇಂಗೇಯ. ಸುಮ್ನೆ ನಿಲ್ಲಲ್ಲ. ಒಳ್ಳಾಡ್ತಾವೆ.” ಹುಡುಗಿ ಮೊಟ್ಟೆಯನ್ನು ಜೋಪಾನವಾಗಿ ಡಬ್ಬಕ್ಕಿಟ್ಟು ತಲೆಯೆತ್ತಿದಳು. “ಎಲ್ರಿಗೂ ಅಂಗೇ ಅಲ್ವಾ ಅವ್ವ?”

ಇಷ್ಟು ವರ್ಷ ಈ ಮಗು, ಎಲ್ಲರ ಪುಸ್ತಕದಲ್ಲೂ ಅಕ್ಷರ ಕುಣಿಯುತ್ತವೆ, ಉಳಿದವರು ಅವನ್ನು ಹಿಡಿದುಕೊಳ್ಳುವಷ್ಟು ಚುರುಕು, ತಾನೊಬ್ಬಳು ದಡ್ಡಿ ಎಂದುಕೊಂಡಿತ್ತು. ಇದಕ್ಕೆ ಏನೆನ್ನುತ್ತಾರೋ ಬೆಟ್ಟಮ್ಮನಿಗೆ ತಿಳಿಯದು. ಆದರೆ ಏನು ಮಾಡಬೇಕು ಎನ್ನುವುದು ಆ ಕ್ಷಣ ಹೊಳೆಯಿತು. ಅದೇ ಮೊಟ್ಟೆಯನ್ನು ಮತ್ತೆ ಎತ್ತಿ ಮಗಳ ಅಂಗೈಯಲ್ಲಿಟ್ಟಳು.

“ನೋಡು, ಇದ್ರ ತಲೆಕಟ್ಟು ಇದೇ. ಕೋಳಿ ಜುಟ್ಟು ಇದ್ದಂಗೆ. ಜುಟ್ಟು ಯಾವಾಗ್ಲೂ ಮ್ಯಾಲಿರ್ಬೇಕು. ಈಗ ಬೆರಳಲ್ಲಿ ತೀಡು. ಅದು ಓಡೋಗಕ್ಕೆ ಆಗಲ್ಲ. ನಿನ್ನ ಕೈಯಲ್ಲೇ ಐತೆ.”

ಕವನ ತೀಡಿದಳು. ನಿಧಾನವಾಗಿ, ಒಡೆದೀತೆಂಬ ಭಯದಲ್ಲಿ, ಉಸಿರು ಬಿಗಿಹಿಡಿದು. ವ. ಆಮೇಲೆ ಮ. ಆಮೇಲೆ ಪ. ಹದಿನಾಲ್ಕು ಅಕ್ಷರ, ದಿನಕ್ಕೆ ಮೂರು ಸಲ. “ಮ ಒಳ್ಸಿದೆ. ರ ಒಳ್ಸಿದೆ. ಲ ಒಳ್ಸಿದೆ.” ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಬೆಟ್ಟಮ್ಮ ಕಿವಿ ಅಲ್ಲಿಯೇ ಇಟ್ಟಿರುವಳು. ಒಂದು ವಾರ ಕಳೆಯುವಷ್ಟರಲ್ಲಿ ತಪ್ಪುಗಳು ಕಡಿಮೆಯಾದವು. ಹತ್ತನೆಯ ದಿನ ಒಂದೂ ಇರಲಿಲ್ಲ! ಬೆಟ್ಟಮ್ಮ ಕೈಯಲ್ಲಿದ್ದ ದಂಟಿನ ಸೊಪ್ಪನ್ನು ಎಸೆದು ಓಡಿಬಂದು ಮಗಳನ್ನು ಎತ್ತಿ ಗಿರಗಿರನೆ ತಿರುಗಿಸಿದಳು. “ಬುಡವ್ವ, ಮೊಟ್ಟೆ ಕಾವು ಓಗುತ್ತೆ, ಮುಚ್ಚಳ ಮುಚ್ಬೇಕು!” ಎಂದು ಕವನ ಕಿರುಚಿದಳು.

ಚೆನ್ನಯ್ಯ ಮನಸಾರೆ ಅವರ ಕಡೆ ಬಂದದ್ದು ಒಂದು ಭಾನುವಾರ. ಮೊಟ್ಟೆಯೊಳಗೆ ಏನಾಗಿದೆ ನೋಡೋಣವೆಂದು, ಹಗಲಲ್ಲೇ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಕಂಬ ನೋಡುವ ತನ್ನ ದೊಡ್ಡ ಟಾರ್ಚಿಗೆ ಕಾಗದ ಸುತ್ತಿ ಅದರ ತುದಿಗೆ ಮೊಟ್ಟೆ ಹಿಡಿದ. ‘ಯ’ ಖಾಲಿ. ‘ಸ’ ಖಾಲಿ. ‘ದ’ ಹಿಡಿದಾಗ ಮೂವರೂ ಒಟ್ಟಿಗೆ ಉಸಿರೆಳೆದರು. ಒಳಗೆ ಕೆಂಪು ಎಳೆಗಳು ಜೇಡನ ಬಲೆಯ ಹಾಗೆ ಹರಡಿದ್ದವು. ನಡುವೆ ಕರಿಯ ಚುಕ್ಕೆ. ಅದು ಮಿಡಿಯುತ್ತಿತ್ತು.

“ಅಪ್ಪಾ, ಒಡ್ಕತಾ ಐತೆ! ಎದೆ ಒಡ್ಕತಾ ಐತೆ!”

“ಯಾವ್ದವ್ವ ಇದು?”

“ದ!”

ಚೆನ್ನಯ್ಯ ಇನ್ನೊಂದು ಹಿಡಿದ. “ಇದು?” “ನ!” “ಇದು?” “ಬ!” ಕತ್ತಲ ಕೋಣೆಯಲ್ಲಿ ಅವನು ಮೊಟ್ಟೆಯನ್ನು ನೋಡುವುದನ್ನು ಬಿಟ್ಟು ಮಗಳ ಮುಖ ನೋಡತೊಡಗಿದ. ಆಮೇಲೆ ಬಾಗಿಲು ತೆರೆದು, “ಅಮ್ಮಿ, ಏನು ಮಾಡ್ದೆ ಇದ್ಕೆ? ಎಲ್ಲಾ ಸರ್ಯಾಗೇಳ್ತಾ ಐತಲ್ಲ!” ಎಂದು ಹೆಂಡತಿಯ ಕಡೆ ತಿರುಗಿ ಕೂಗಿದ.

ಬೇಸಿಗೆ ಹತ್ತಿರವಾದ ಹಾಗೆ ದಿನಕ್ಕೆ ಎರಡು ಗಂಟೆ ಕರೆಂಟು ತೆಗೆಯುತ್ತಿದ್ದರು. ಲೈನ್‌ಮನ್ನನ ಮನೆಗೂ ಅದರಲ್ಲಿ ರಿಯಾಯಿತಿ ಇಲ್ಲ. ಆ ಹೊತ್ತಿಗೆ ಬೆಟ್ಟಮ್ಮ ಬಾಟಲಿಗಳಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಡಬ್ಬದಲ್ಲಿಡುವಳು. ಹಾಗೆ ಹೇಗೋ ಕಾವಿಗೆ ಕೂರಿಸಿ ಇಪ್ಪತ್ತು ದಿನ ದಾಟಿತು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಏಳಕ್ಕೆ ಡಬ್ಬದಿಂದ ಕಿಚ್ ಕಿಚ್ ಎಂದು ಸಣ್ಣ ಸದ್ದು. ‘ದ’ ಮೊಟ್ಟೆಯ ಮೇಲೆ ಎಳ್ಳಿನಷ್ಟು ಬಿರುಕು. ಎಂಟಕ್ಕೆ ಇನ್ನೂ ಮೂರು ಮೊಟ್ಟೆ ಬಿರುಕು ಬಿಟ್ಟವು. ಎಂಟೂವರೆಗೆ ಬಲ್ಬು ಆರಿಹೋಯಿತು.

ರಸ್ತೆಬದಿಯ ದೊಡ್ಡ ಮರದ ಕೊಂಬೆ ತಂತಿಯ ಮೇಲೆ ಬಿದ್ದು ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಚೆನ್ನಯ್ಯ ಏಣಿ ಹೊತ್ತು ಓಡಿದವನು, ಸಂಜೆವರೆಗೆ ಕರೆಂಟು ಬರುವ ಹಾಗಿಲ್ಲ ಎಂದು ಹೇಳಿಕಳಿಸಿದ. ಬೆಟ್ಟಮ್ಮ ಬಿಸಿನೀರು ಕಾಯಿಸಿದಳು. ಶಾಖ ತೊಂಬತ್ತೈದಕ್ಕೆ ಇಳಿಯಿತು. ನೀರು ಬದಲಿಸಿದರೆ ನೂರನಾಲ್ಕಕ್ಕೆ ಜಿಗಿಯಿತು. ಮರಿಗಳ ಸದ್ದು ಕ್ಷೀಣವಾಗತೊಡಗಿತು. ಎಲ್ಲಿ, ಎಲ್ಲಿ ಒಂದೇ ಸಮನೆ ಬೆಚ್ಚಗಿರುತ್ತದೆ? ಊರ ಹೊರಗಿನ ಶಿವಯ್ಯನವರ ಆಲೆಮನೆ ತಲೆಗೆ ಬಂತು. ಕಬ್ಬಿನ ಕಾಲದಲ್ಲಿ ಅಲ್ಲಿನ ಒಲೆ ಆರುವುದೇ ಇಲ್ಲ. ಒಲೆಯ ಹಿಂದಿನ ಗೋಡೆಗೆ ಆಳುಗಳು ಒದ್ದೆ ಬಟ್ಟೆ ಒಣಗಹಾಕುವುದನ್ನು ಅವಳು ಹೊರಗಿನಿಂದ ನೋಡಿದ್ದಳು.

ಹೊರಗಿನಿಂದ ಮಾತ್ರ. ಅವಳ ಕೇರಿಯವರು ಬೆಲ್ಲ ಬೇಕಾದರೆ ಆಲೆಮನೆಯ ಅಂಗಳದಲ್ಲಿ ನಿಂತು ಈಸಿಕೊಳ್ಳುವುದು ಮೊದಲಿನಿಂದ ಬಂದ ರೂಢಿ. ಅವಳ ಮೈದುನನ ವರಸೆಯ ಮಂಚಯ್ಯ ಅಲ್ಲೇ ಕೆಲಸಕ್ಕಿದ್ದರೂ ಅವನ ಜಾಗ ಹೊರಗಿನ ಗುಳಿಯಲ್ಲಿ, ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತುಂಬುವುದರಲ್ಲಿ. ಮೇಲಾಗಿ ಶಿವಯ್ಯನವರದು ಮೊಟ್ಟೆ ಮುಟ್ಟದ ಮನೆತನ. ಇದೆಲ್ಲ ಆಮೇಲೆ ನೆನಪಾದದ್ದು ಎಂದು ಬೆಟ್ಟಮ್ಮ ಈಗಲೂ ನಗುತ್ತಾಳೆ. ಆವತ್ತು ಅವಳು ಮಂಕರಿಗೆ ಹತ್ತಿ ಹಾಸಿ, ಮೊಟ್ಟೆ ಜೋಡಿಸಿ, ಬಾಟಲಿ ಒತ್ತರಿಸಿ, ಉಣ್ಣೆ ಶಾಲು ಹೊದಿಸಿ, ತಲೆಯ ಮೇಲಿಟ್ಟುಕೊಂಡು ಹೊರಟವಳು ಒಂದು ಮೈಲಿ ದಾರಿಯನ್ನು ನಡೆದಳೋ ಓಡಿದಳೋ ತಿಳಿಯದು. ಹಿಂದೆ ಕವನ. “ಅವ್ವಾ, ಕೂಗ್ತಾ ಅವೆ! ಇನ್ನೂ ಕೂಗ್ತಾ ಅವೆ! ಬೇಗ ನಡಿ!”

ನೇರ ಆಲೆಮನೆಯ ಒಳಕ್ಕೆ ನುಗ್ಗಿದಳು. ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು, ಅಚ್ಚಿನ ಹಲಗೆಗಳ ಮುಂದೆ ಶಿವಯ್ಯ ನಿಂತಿದ್ದರು.

“ಏ ಏ, ಅಲ್ಲೇ ನಿಂತ್ಕೊ! ಏನಮ್ಮಿ ಅದು?”

“ಮೊಟ್ಟೆ ಯಜಮಾನ್ರೆ.”

“ಮೊಟ್ಟೆ! ಬೆಲ್ಲ ಉಯ್ಯೋ ಜಾಗಕ್ಕೆ ಮೊಟ್ಟೆ ತಂದಿದೀಯಾ?”

“ಮೊಟ್ಟೆ ಅಲ್ಲ, ಮರಿಗಳು. ಒಡ್ಕೊಂಡು ಈಚೆ ಬತ್ತಾ ಅವೆ. ಕರೆಂಟಿಲ್ಲ. ಆ ಗೋಡೆ ಪಕ್ಕ ಒಂದು ಮೊಳ ಜಾಗ ಕೊಡಿ ಸಾಕು.”

ಶಿವಯ್ಯನವರ ಬಾಯಿಂದ ಮುಂದಿನ ಮಾತು ಬರುವ ಮೊದಲೇ ಕವನ ಶಾಲಿನೊಳಗೆ ಕೈ ಹಾಕಿ ಬಿರುಕು ಬಿಟ್ಟ ಮೊಟ್ಟೆಯನ್ನು ಎತ್ತಿ ಹಿಡಿದಳು. “ಅಜ್ಜ, ಇದು ‘ದ’. ಕಿವಿ ಕೊಡಿ. ಮಾತಾಡ್ತೈತೆ.”

ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಹುಡುಗಿ ಕೈ ಇಳಿಸಲಿಲ್ಲ. ಕೊಪ್ಪರಿಗೆ ಕಲಕುತ್ತಿದ್ದವನು ಕಲಕುವುದನ್ನು ನಿಲ್ಲಿಸಿ ನೋಡುತ್ತಿದ್ದ. ಆಮೇಲೆ ಎತ್ತರದ ಮನುಷ್ಯ ಶಿವಯ್ಯ ಮೊಣಕಾಲ ಮೇಲೆ ಕೈಯೂರಿ ಬಗ್ಗಿ, ಮಗುವಿನ ಅಂಗೈಗೆ ಕಿವಿ ಹಚ್ಚಿದರು. ಒಳಗಿನಿಂದ ಕಿಚ್ ಎಂದಿತು.

“ಅಯ್ ಶಿವ್ನೆ” ಎಂದರು ಮೆಲ್ಲಗೆ. ಎದ್ದವರೇ ಗೋಡೆಯ ಪಕ್ಕದ ಗೋಣಿಚೀಲಗಳನ್ನು ತಾವೇ ಎಳೆದು ಜಾಗ ಮಾಡಿ, ಹೊರಗಿನ ಗುಳಿಯ ಕಡೆಗೆ ಕೂಗಿದರು. “ಮಂಚ! ಉರಿ ಒಂದೇ ಸಮ ಇರ್ಲಿ ಕಣ್ಲಾ! ಎಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ!”

ಗೋಡೆಯ ಪಕ್ಕ ಥರ್ಮಾಮೀಟರು ನೂರರ ಗೆರೆಯ ಹತ್ತಿರ ಬಂದು ನಿಂತಿತು. ಹನ್ನೊಂದಕ್ಕೆ ‘ದ’ ಚಿಪ್ಪು ಒದ್ದು ಹೊರಬಿತ್ತು. ಒದ್ದೆ ಒದ್ದೆಯಾಗಿ, ಎದ್ದು ನಿಲ್ಲಲೂ ಬಾರದೆ, ಆದರೂ ಎಂಥ ಗಂಟಲು! ಕೆಲಸದವರೆಲ್ಲ ಸುತ್ತ ಸೇರಿದರು. ಮಂಚಯ್ಯ ಎರಡು ತೆಕ್ಕೆ ಸಿಪ್ಪೆ ತುಂಬಿ ಗುಳಿಯಿಂದ ಓಡಿಬರುವನು, ನೋಡುವನು, ಮತ್ತೆ ಓಡುವನು. “ಈಗ ಯಾವ್ದವ್ವ?” ಎಂದು ಯಾರೋ ಕೇಳುವರು. ಕವನ ಚಿಪ್ಪು ತಿರುಗಿಸಿ ನೋಡುವಳು. “ಮ!” ಹತ್ತು ಗಂಟಲು ಒಟ್ಟಿಗೆ, “ಮ!” ಎನ್ನುವುವು. “ಇದು?” “ಕ!” “ಲ!” “ಪ!” ಒಂದೊಂದು ಮರಿ ಒಣಗಿದ ಹಾಗೆ ಬೆಟ್ಟಮ್ಮ ಅದರ ಕಾಲಿಗೆ ಬೇರೆ ಬೇರೆ ಬಣ್ಣದ ನೂಲು ಕಟ್ಟುವಳು. ಮೂರು ಗಂಟೆಯ ಹೊತ್ತಿಗೆ ಹನ್ನೊಂದು ಮರಿ. ‘ಗ’ ಮಾತ್ರ ಚಿಪ್ಪೊಳಗೇ ಉಳಿಯಿತು. ಶಿವಯ್ಯ ಮಗುವಿನ ಕೈಗೆ ಬಿಸಿ ಬೆಲ್ಲದ ಮುದ್ದೆಯನ್ನು ಎಲೆಯಲ್ಲಿಟ್ಟು ಕೊಟ್ಟರು. ಹಿಂದಿರುಗುವ ದಾರಿಯಲ್ಲೇ ಬೆಟ್ಟಮ್ಮನಿಗೆ, ತಾನು ಆರು ಗಂಟೆ ಆ ಛಾವಣಿಯ ಕೆಳಗೆ ಕೂತಿದ್ದೆ ಎಂಬುದು ಅರಿವಾದದ್ದು. ಊರು ಅದರಿಂದೇನೂ ಬದಲಾಗಲಿಲ್ಲ. ಆದರೆ ಆಮೇಲೆ ಬೆಲ್ಲಕ್ಕೆ ಹೋದಾಗ ಅವಳು ಅಂಗಳದಲ್ಲಿ ನಿಲ್ಲಲಿಲ್ಲ, ಶಿವಯ್ಯನವರೂ ನಿಲ್ಲು ಎನ್ನಲಿಲ್ಲ.

ಮುಂದಿನ ಒಂದು ತಿಂಗಳು ಆ ಮನೆಯಲ್ಲಿ ಪಾಠ ಬೇರೆ, ಕೋಳಿ ಬೇರೆ ಎಂದಿರಲಿಲ್ಲ. ಹಿತ್ತಲ ತುಂಬ ಹನ್ನೊಂದು ಅಕ್ಷರ ಓಡಾಡುತ್ತಿದ್ದವು. ಯಾವ ನೂಲು ಯಾವ ಅಕ್ಷರ ಎಂದು ಕವನಳಿಗೆ ಬಾಯಿಪಾಠ. ಉಳಿದ ಅಕ್ಷರಗಳನ್ನೂ ಗುಣಿತವನ್ನೂ ಬೆಟ್ಟಮ್ಮ ಹಾಗೆಯೇ ಬೆರಳಲ್ಲಿ ತೀಡಿಸಿದಳು. ಒಂದು ಬೆಳಿಗ್ಗೆ ಅವಳು ಚೀರಿದ್ದು ಕೇಳಿ ಬೆಟ್ಟಮ್ಮ ಮುಂಗುಸಿ ಬಂತೆಂದು ದೊಣ್ಣೆ ಹಿಡಿದು ಓಡಿದಳು.

“ಅವ್ವಾ, ನೋಡು! ನೀರು ಕುಡೀತಾ ಅವಲ್ಲ, ಮ ಮತ್ತೆ ರ! ಪಕ್ಕಪಕ್ಕ! ಮರ! ಮರ ಅಂತ ಐತೆ!”

ದೊಣ್ಣೆ ಕೈಯಿಂದ ಜಾರಿತು. ಆವತ್ತು ತಾಯಿ ಮಗಳು ಕೆಲಸ ಬೊಗಸೆ ಬಿಟ್ಟು ಮರಿಗಳ ಹಿಂದೆ ಓಡಾಡಿದರು. ದ ಹಿಡಿ, ನ ಹಿಡಿ, ದನ! ಬ ಹಿಡಿ, ಲ ಹಿಡಿ, ಬಲ! ಆಮೇಲೆ ಕವನ ಮರಿಗಳ ಕಾಲಿನ ನೂಲುಗಳನ್ನು ಒಂದೊಂದಾಗಿ ನೋಡಿದಳು. ಅವಳ ತುಟಿ ಅಲ್ಲಾಡಿತು. ಕ ಹಿಡಿದು ಮೆಟ್ಟಿಲ ಮೇಲಿಟ್ಟಳು. ವ ಹಿಡಿದು ಅದರ ಪಕ್ಕಕ್ಕೆ. ನ ಹಿಡಿಯಲು ಹೋಗುವಷ್ಟರಲ್ಲಿ ಕ ಹಾರಿ ಇಳಿಯಿತು. ಅದನ್ನು ತಂದರೆ ವ ಓಡಿತು.

“ಅಪ್ಪಾ! ಬಾ ಬೇಗ! ನನ್ನೆಸ್ರು ಓಡೋಗ್ತಾ ಐತೆ, ಇಡ್ಕೊಳಪ್ಪಾ!”

ಡ್ಯೂಟಿಗೆ ಹೊರಟಿದ್ದ ಚೆನ್ನಯ್ಯ ಖಾಕಿ ಅಂಗಿಯಲ್ಲೇ ನುಗ್ಗೆಮರದ ಬುಡಕ್ಕೆ ಹಾರಿ ‘ವ’ವನ್ನು ಹಿಡಿದ. ಮೂವರೂ ಮೆಟ್ಟಿಲ ಮೇಲೆ ಒಬ್ಬೊಬ್ಬರು ಒಂದೊಂದು ಮರಿಯನ್ನು ಅದುಮಿ ಹಿಡಿದುಕೊಂಡು ಕೂತರು. ಕವನ ಎಡದಿಂದ ಬಲಕ್ಕೆ ಬೆರಳು ತೋರಿಸುತ್ತಾ, “ಕ. ವ. ನ.” ಎಂದಳು. ಇನ್ನೊಂದು ಸಲ ಎಂದಳು. ಆಮೇಲೆ ಮರಿಯನ್ನು ಬಿಟ್ಟು ಅಪ್ಪನ ಕುತ್ತಿಗೆಗೆ ಜೋತುಬಿದ್ದಳು.

ಎಂಟು ದಿನ ಕಳೆದ ಮೇಲೆ ಹದ್ದೊಂದು ಎರಗಿ ‘ರ’ವನ್ನು ಎತ್ತಿಕೊಂಡು ಹೋಯಿತು. ಕವನ ಮಧ್ಯಾಹ್ನವೆಲ್ಲ ಅತ್ತಳು, ಊಟ ಮಾಡಲಿಲ್ಲ. ಬೆಟ್ಟಮ್ಮ 'ಅಳಲಿ' ಎಂದು ಬಿಟ್ಟು, ಸಂಜೆ ಹಿತ್ತಲಿಗೆ ಬಂದು ನೋಡಿದರೆ, ಸುಣ್ಣದ ಗೋಡೆಯ ಮೇಲೆ ಇದ್ದಲಿನಲ್ಲಿ ಸೊಟ್ಟಸೊಟ್ಟ ಬರೆದಿತ್ತು: ‘ರ ಇಲ. ಹದು ತಿನತು.’

ಹೇಳಿಕೊಡದೆ, ಕೇಳದೆ, ತಾನೇ ಬರೆದ ಮೊದಲ ಮಾತು. ಒತ್ತಕ್ಷರ ಒಂದೂ ಇರಲಿಲ್ಲ. ಬೆಟ್ಟಮ್ಮ ತಿದ್ದಲಿಲ್ಲ.

ಮಾರ್ಚಿನಲ್ಲಿ ಹೇಳಿದ ಮಾತಿನಂತೆ ಪರಮಶಿವಯ್ಯ ಬಂದರು. ಹಿತ್ತಲ ಗೋಡೆಯ ಮುಂದೆ ತುಂಬ ಹೊತ್ತು ನಿಂತರು. ಅಷ್ಟರಲ್ಲಿ ಅದರ ಮೇಲೆ ಇನ್ನೂ ಹಲವು ಸಾಲುಗಳು ಸೇರಿದ್ದವು. ಮೂರನೇ ಕ್ಲಾಸಿನ ಪುಸ್ತಕ ಕೊಟ್ಟರು. ಕವನ ಒಂದೊಂದು ಅಕ್ಷರವನ್ನೂ ಬೆರಳಿನಿಂದ ತೀಡಿ, ನಾಲ್ಕು ಸಾಲು ಓದಲು ಕಾಲು ಗಂಟೆ ತೆಗೆದುಕೊಂಡಳು. ಅವರು ಕಾಲು ಗಂಟೆಯೂ ಕಾದರು.

“ಸ್ಕೂಲಿಗೆ ಕಳಿಸ್ತೀರಾ?” ಎಂದು ಕೇಳಿದರು.

“ಅಲ್ಲಿ ಇಷ್ಟೊತ್ತು ಕಾಯೋರು ಯಾರಿದಾರೆ ಸಾ?”

ಪರಮಶಿವಯ್ಯ ಪುಸ್ತಕ ಮುಚ್ಚಿದರು. ಹಾಗಾದರೆ ಮನೆಯಲ್ಲೇ ಓದಿಸಿ, ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿಸಬಹುದು ಎಂದು ದಾರಿ ತೋರಿಸಿದರು. ವರ್ಷ ವರ್ಷವೂ ಹಳೆಯ ಪುಸ್ತಕಗಳ ಕಟ್ಟು ಕಳಿಸಿಕೊಟ್ಟರು.

ನಾಲ್ಕು ವರ್ಷ ಹಾಗೆ ನಡೆಯಿತು. ಬೆಳಿಗ್ಗೆ ಕೋಳಿ ಬಿಟ್ಟು ಗೂಡು ಗುಡಿಸಿದ ಮೇಲೆ ಪಾಠ. ಇಷ್ಟು ಮರಿಗೆ ಇಷ್ಟು ನುಚ್ಚಾದರೆ ಅಷ್ಟು ಮರಿಗೆ ಎಷ್ಟು ಎಂದು ಲೆಕ್ಕ. ಮರಿಗಳಿಗೆ ಹಾಕಿಸುವ ಲಸಿಕೆಯ ಚೀಟಿ ಓದಿ ವಿಜ್ಞಾನ. ಸಂತೆಗೆ ಹೋದರೆ ಬೆಟ್ಟಮ್ಮ ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಬೇಕೆಂತಲೇ ಎರಡು ಬಸ್ಸು ಬಿಡುವಳು. ಬೋರ್ಡುಗಳನ್ನೆಲ್ಲ ಮಗಳು ಓದಿ ಮುಗಿಸಬೇಕಲ್ಲ. ‘ಹಾಸನ’ ಸುಲಭ. ‘ಅರಕಲಗೂಡು’ ಪರವಾಗಿಲ್ಲ. ‘ಚನ್ನರಾಯಪಟ್ಟಣ’ವನ್ನು ತಡವರಿಸದೆ ಓದಿದ ದಿನ ತಾಯಿ ಮಗಳು ಇಬ್ಬರೂ ಕೈ ಕೈ ಹಿಡಿದು ಪ್ಲಾಟ್‌ಫಾರ್ಮಿನಲ್ಲಿ ಕುಣಿದರು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರು ಏನಾಯಿತೋ ಎಂದು ಇಳಿದು ಬಂದ.

೨೦೦೨ರಲ್ಲಿ ಹೊಳೆನರಸೀಪುರದಲ್ಲಿ ಪರೀಕ್ಷೆ. ಹದಿನಾಲ್ಕು ವರ್ಷದ ಕವನ ಅಷ್ಟು ಮಕ್ಕಳ ನಡುವೆ ಬೆಂಚಿನ ಮೇಲೆ ಕೂತು ಐದು ವರ್ಷವಾಗಿತ್ತು. ಬೆಟ್ಟಮ್ಮ ಗೇಟಿನ ಹೊರಗೆ ಕಾಂಪೌಂಡಿಗೆ ಒರಗಿ ಕಾದಳು. ಯಾವ ದಿನವೂ ಕವನಳ ಪೇಪರು ಪೂರ್ತಿ ಮುಗಿಯಲಿಲ್ಲ. “ಓದಿದ್ದಕ್ಕೆಲ್ಲ ಬರ್ದಿವ್ನಿ. ಕೊನೇದು ಎರಡು ಓದಕ್ಕೇ ಟೈಮ್ ಸಿಗ್ನಿಲ್ಲ” ಎನ್ನುವಳು. ವಾಂತಿ ಮಾತ್ರ ಒಂದು ದಿನವೂ ಆಗಲಿಲ್ಲ.

ಫಲಿತಾಂಶದ ದಿನ ಚೆನ್ನಯ್ಯ ರಜೆ ಹಾಕಿ ಇಬ್ಬರನ್ನೂ ಹಳೆಯ ಬೈಕಿನಲ್ಲಿ ಕೂರಿಸಿಕೊಂಡು ಬಂದ. ನೋಟೀಸ್ ಬೋರ್ಡಿನ ಮುಂದೆ ನೂಕುನುಗ್ಗಲು. ಕೈಬರಹದ ಪಟ್ಟಿ. ಚೆನ್ನಯ್ಯ ಎತ್ತರದವನು, ಹಿಂದಿನಿಂದಲೇ ಕಂಡುಬಿಟ್ಟ, ಬಾಯಿ ತೆರೆದ. ಬೆಟ್ಟಮ್ಮ ಅವನ ಕೈ ಹಿಡಿದು ಜಗ್ಗಿದಳು. “ಏಳ್ಬ್ಯಾಡಿ. ಅವ್ಳೇ ಓದ್ಲಿ.”

ಕವನ ಮುಂದೆ ನುಗ್ಗಿ ಪಟ್ಟಿಯ ಮೇಲೆ ಬೆರಳಿಟ್ಟಳು. ಬೆರಳು ಮೆಲ್ಲಗೆ ಇಳಿಯಿತು. ಹಿಂದಿದ್ದ ಯಾರೋ, “ಬೇಗ ನೋಡಿ ಸರೀರಮ್ಮ” ಎಂದರು.

“ವಸಿ ತಡೀರಿ ಸಾ” ಎಂದಳು ಬೆಟ್ಟಮ್ಮ, ಆ ಗದ್ದಲದಲ್ಲಿ ಎಲ್ಲರಿಗೂ ಕೇಳುವ ಹಾಗೆ. “ನನ್ ಮಗಳು ಓದ್ತಾವ್ಳೆ.”

“ಕವನ. ಚ” ಎಂದಿತು ಹುಡುಗಿಯ ದನಿ. ಬೆರಳು ಪಕ್ಕಕ್ಕೆ ಸರಿಯಿತು. “ದ್ವಿ... ತೀ... ಯ... ದರ್...” ಅಲ್ಲಿ ಅವಳು ನಿಂತಳು. ಬೆಟ್ಟಮ್ಮ ತುಟಿ ಕಚ್ಚಿಕೊಂಡಳು. “ದರ್ಜೆ! ಅವ್ವಾ, ದ್ವಿತೀಯ ದರ್ಜೆ! ಪಾಸು! ಅಪ್ಪಾ, ನಾನು ಪಾಸು!”

ಚೆನ್ನಯ್ಯ ಹಾಕಿದ ಕೇಕೆಗೆ ಆಫೀಸಿನಿಂದ ಜವಾನ ಹೊರಗೆ ಬಂದ. ಬೆಟ್ಟಮ್ಮ ಅತ್ತಳು, ನಕ್ಕಳು, ಸರೀರಮ್ಮ ಎಂದವರ ಕೈಯನ್ನೇ ಹಿಡಿದು ಕುಲುಕಿದಳು.

ಆಮೇಲೆ ಕವನ ಎಂಟನೇ ಕ್ಲಾಸಿಗೆ ಹೈಸ್ಕೂಲು ಸೇರಿದಳು, ತಾನೇ ಕೇಳಿ. ಎಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಮುಗಿಸಿದಳು. ಓದು ಅವಳಿಗೆ ಯಾವತ್ತೂ ಸರಾಗವಾಗಲಿಲ್ಲ, ಬೆರಳಿಟ್ಟೇ ಓದುತ್ತಾಳೆ. ಬೆಟ್ಟಮ್ಮನ ಹಿತ್ತಲಿಗೆ ಓದು ಹತ್ತದ ಇನ್ನೂ ಮೂರು ನಾಲ್ಕು ಮಕ್ಕಳು ಸಂಜೆಯ ಹೊತ್ತು ಬರತೊಡಗಿದರು.

ಆದರೆ ಫಲಿತಾಂಶದ ಆ ದಿನದ ಮಾತು ಮುಗಿದಿಲ್ಲ. ಬೋರ್ಡಿನಿಂದ ಹೊರಟವರು ನೇರ ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಹೋದರು. ಸಪ್ಲೈಯರು ಮೇಜು ಒರೆಸುತ್ತಾ, “ಏನ್ ಕೊಡ್ಲಿ ಸಾ?” ಎಂದ. ಚೆನ್ನಯ್ಯ ಮಗಳ ಕಡೆ ಕೈ ತೋರಿಸಿದ. ಕವನ ಗೋಡೆಯ ಕರಿಹಲಗೆಯ ಕಡೆ ತಿರುಗಿ ಕೂತಳು.

“ಇಡ್ಲಿ” ಎಂದಳು. “ವಡೆ. ಖಾರಾ... ಬಾತ್. ಖಾರಾಬಾತ್. ಸೆ... ಸೆಟ್... ಸೆಟ್‌ದೋಸೆ.”

“ಎಷ್ಟು ಪ್ಲೇಟು?” ಎಂದು ಸಪ್ಲೈಯರು ನಡುವೆ ಬಾಯಿ ಹಾಕಿದ.

“ಇರಪ್ಪ, ಇನ್ನೂ ಐತೆ” ಎಂದಳು ಕವನ, ಹಲಗೆಯಿಂದ ಕಣ್ಣು ತೆಗೆಯದೆ. “ಮ... ಮಸಾಲೆದೋಸೆ. ಬನ್... ಬನ್ಸ್. ಮಂಗ... ಮಂಗಳೂರು ಬಜ್ಜಿ!”

ಚೆನ್ನಯ್ಯ ಕುರ್ಚಿಗೆ ಆರಾಮಾಗಿ ಒರಗಿಕೊಂಡ. “ಓದಿದ್ದೆಲ್ಲ ಒಂದೊಂದು ತತ್ತಾರಯ್ಯ” ಎಂದ.